ಹದಿನೈದು ಎಂದು ಬರೆದವಳು ನಾನೊಬ್ಬಳೇ ಅಲ್ಲ

ಮನೆಯಲ್ಲಿ ಅಪ್ಪ, ಶಾಲೆಯಲ್ಲಿ ಸರ್ ಆಗಿದ್ದವನೇ,

ಇಲ್ಲಿ ನಿನ್ನನ್ನು ಅಪ್ಪಾ ಎಂದೇ ಕರೆಯುತ್ತೇನೆ. ಸರ್ ಎಂದರೆ ಎದ್ದು ನಿಲ್ಲಬೇಕಾಗುತ್ತದೆ. ಇಂದು ನನಗೆ ಕೂತು ಮಾತಾಡಬೇಕಾಗಿದೆ. ನಿನ್ನ ಮೊಮ್ಮಗಳಿಗೆ ಹಲ್ಲು ಬರುತ್ತಿವೆ. ಅವಳಿಗೂ ನನಗೂ ಮೂರು ವಾರದಿಂದ ನಿದ್ದೆಯಿಲ್ಲ. ಈಗ ಮಧ್ಯಾಹ್ನ, ನನ್ನ ತೊಡೆಯ ಮೇಲೆ ಕಣ್ಣು ಮುಚ್ಚಿದ್ದಾಳೆ. ಅಲುಗದೆ ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಿದ್ದರೆ ಬೈಯಬೇಡ. ಬೈದರೂ ಈ ಸಲ ನಾನು ಸುಮ್ಮನಿರುವವಳಲ್ಲ.

ಹಲಗೇರಿಯ ಆ ಎಂಟನೇ ಕ್ಲಾಸು ನೆನಪಿದೆಯಾ? ಎಕ್ಸ್ ಕೂಡಿಸು ಐದು, ಸಮ ಇಪ್ಪತ್ತು. "ಐದು ಆ ಕಡೆ ಹೋತು, ಚಿಹ್ನೆ ಬದಲಾತು, ಇಪ್ಪತ್ತರಾಗ ಐದು ಹೋದ್ರ ಹದಿನೈದು. ತಿಳೀತಿಲ್ಲೋ?" ಎಂದೆ ನೀನು. ತಿಳಿಯಿತು ಎಂದು ನಾವೆಲ್ಲ ತಲೆಯಾಡಿಸಿದೆವು. ಆಮೇಲೆ ನನ್ನನ್ನು ಬೋರ್ಡಿಗೆ ಕರೆದು ಇನ್ನೊಂದು ಲೆಕ್ಕ ಕೊಟ್ಟೆ: ಐದು ಎಕ್ಸ್, ಸಮ ಇಪ್ಪತ್ತು. ನಾನು ನೀನು ಹೇಳಿದ ಹಾಗೆಯೇ ಐದನ್ನು ಆ ಕಡೆ ಒಯ್ದೆ, ಇಪ್ಪತ್ತರಲ್ಲಿ ಕಳೆದೆ, ಹದಿನೈದು ಎಂದು ಬರೆದೆ. ನೀನು ಕ್ಲಾಸಿನ ಕಡೆ ತಿರುಗಿದೆ. "ನೋಡ್ರಿಲ್ಲೆ, ಗಣಿತ ಮಾಸ್ತರನ ಮಗಳ ಲೆಕ್ಕಾ!" ಎಲ್ಲರೂ ನಕ್ಕರು. "ಯಾಕ್ರೀ ಸರ್, ತಪ್ಪೇನೈತ್ರಿ?" ಎಂದು ನಾನು ಕೇಳಿದ್ದಕ್ಕೆ, "ಯಾಕ ಗೀಕ ಕೇಳಬ್ಯಾಡ, ಹೇಳಿದಷ್ಟ ಮಾಡು" ಎಂದೆ. ಅಪ್ಪಾ, ಹೇಳಿದಷ್ಟೇ ಅಲ್ಲವಾ ನಾನು ಮಾಡಿದ್ದು?

ಆ ಸಂಜೆ ರೊಟ್ಟಿ ಮುರಿಯುತ್ತ ನೀನು ಮೆತ್ತಗೆ ಹೇಳಿದ ಮಾತು, ಕ್ಲಾಸಿನ ನಗೆಗಿಂತ ಹೆಚ್ಚು ದಿನ ಉಳಿಯಿತು. "ನೀ ಕನ್ನಡ ಓದವಾ. ಗಣಿತ ನಿನ್ನ ತಲಿಗೆ ಹತ್ತೂದಲ್ಲ." ಓದಿದೆ. ಎಂ.ಎ. ಆಯಿತು, ಬಿ.ಇಡಿ. ಆಯಿತು, ಬ್ಯಾಡಗಿ ಹತ್ತಿರದ ಹೈಸ್ಕೂಲಿನಲ್ಲಿ ಕನ್ನಡ ಟೀಚರ್ ಆದೆ. ಬಸ್ಸಿನಲ್ಲಿ ಚಿಲ್ಲರೆ ಎಣಿಸುವಾಗಲೂ ಒಳಗೊಂದು ನಡುಕ ಇದ್ದೇ ಇತ್ತು. ಮಗಳು ಹುಟ್ಟಿದ ಮೇಲೆ ಅದು ಹೆಚ್ಚಾಯಿತು. ನಾಳೆ ಅವಳೂ ಪಾಟಿ ಹಿಡಿದು ಬಂದು ನನ್ನ ಮುಖ ನೋಡಿದರೆ, ಅವಳಿಗೆ ಕಾಣುವುದು ಉತ್ತರವೋ, ಆ ನಡುಕವೋ...

ಈ ವರ್ಷ ಜೂನ್‌ನಲ್ಲಿ ನಮ್ಮ ಗಣಿತ ಸರ್ ವರ್ಗವಾಗಿ ಹೋದರು. ಜಾಗ ಖಾಲಿ. ಹೆಡ್ ಮಾಸ್ತರು ನನ್ನನ್ನು ಕರೆದರು. "ಟೀಚರ್, ಎಂಟನೇ ಕ್ಲಾಸಿನ ಗಣಿತ ನೀವ ತಗೊಳ್ರಿ. ನಿಮ್ಮಪ್ಪ ಗಣಿತ ಮಾಸ್ತರ ಅಲ್ಲೇನ್ರಿ? ರಕ್ತದಾಗ ಬಂದಿರತೈತಿ!" ಏನು ಬಂದಿದೆ ಎಂದು ನನಗಲ್ಲವೇ ಗೊತ್ತು? ಒಂದು ವಾರ ನಿನ್ನ ಮಾತನ್ನೇ ಒಪ್ಪಿಸಿದೆ: ಆ ಕಡೆ ಹೋದರೆ ಚಿಹ್ನೆ ಬದಲು. ನಂತರ ಮನೆಗೆ ಬಂದು ಅರ್ಜಿ ಬರೆದೆ. "ಗಣಿತ ನನ್ನ ವಿಷಯವಲ್ಲ, ದಯವಿಟ್ಟು ಬಿಡುಗಡೆ ಮಾಡಬೇಕು." ಕೊಡುವ ಮೊದಲೇ ಹಾವೇರಿಗೆ ಹತ್ತು ದಿನದ ತರಬೇತಿಗೆ ಹೋಗಲು ಆದೇಶ ಬಂತು: ಗಣಿತ ಓದದೆ ಗಣಿತ ಕಲಿಸುತ್ತಿರುವ ಶಿಕ್ಷಕರಿಗೆ. ಅರ್ಜಿಯನ್ನು ಚೀಲದಲ್ಲೇ ಇಟ್ಟುಕೊಂಡು, ಮಗಳನ್ನು ರಾಣೆಬೆನ್ನೂರಿನಲ್ಲಿ ಅವ್ವನ ಕೈಗೆ ಕೊಟ್ಟು ಬಸ್ಸು ಹತ್ತಿದೆ. ತರಬೇತಿ ಮುಗಿದ ಮೇಲೆ ಕೊಟ್ಟುಬಿಡುವುದು ಎಂದು ನಿಶ್ಚಯಿಸಿಯೇ ಹೋದೆ.

ಮೊದಲ ದಿನವೇ ತೂಕಡಿಸಿದೆ ಅಪ್ಪಾ, ಎರಡನೇ ಬೆಂಚಿನಲ್ಲಿ. ಎಚ್ಚರಾದಾಗ ತರಬೇತಿ ಕೊಡುವ ಶಾರದಾ ಮೇಡಂ ಕೇಳುತ್ತಿದ್ದರು: "ಆ ಕಡೆ ಹೋದ್ರ ಚಿಹ್ನೆ ಯಾಕ ಬದಲಾಗತೈತ್ರಿ?" ಅದೇ 'ಯಾಕ'! ಹಿಂದಿ, ಚಿತ್ರಕಲೆ, ಕನ್ನಡ ಕಲಿಸುವವರೇ ತುಂಬಿದ್ದ ಕೋಣೆ, ಎಲ್ಲರೂ ತಮ್ಮ ನೋಟುಬುಕ್ಕು ತಿರುವತೊಡಗಿದರು. ಕೊನೆಗೆ ಆಟ ಕಲಿಸುವ ಒಬ್ಬ ಸರ್ ಎದ್ದರು. "ಅದೂ ಕಬಡ್ಡಿ ಇದ್ಹಂಗ್ರಿ ಮೇಡಂ. ಗೆರಿ ದಾಟಿದ್ರ ಪಾರ್ಟಿ ಬದಲು!" ನಗು ನಿಂತ ಮೇಲೆ ಮೇಡಂ ಹೇಳಿದರು: "ಯಾವ್ದೂ ಎಲ್ಲೂ ಹೋಗೂದಿಲ್ರಿ. ತಕ್ಕಡಿ ಐತಿ. ಎರಡೂ ಕಡೆ ಒಂದ ಕೆಲಸಾ ಮಾಡ್ತೀವಿ. ಎರಡೂ ಕಡೆ ಐದು ತೆಗೀತೀವಿ, ಇಲ್ಲಾ ಎರಡೂ ಕಡೆ ಐದು ಪಾಲು ಮಾಡ್ತೀವಿ. ಅಷ್ಟ." ಅಷ್ಟೇ. ಇಷ್ಟು ವರ್ಷ ನಾನು ಹೊತ್ತು ತಿರುಗಿದ್ದು ಇಷ್ಟೇನಾ?

ಐದು ದಿನದ ಮೇಲೆ ಎಲ್ಲರನ್ನೂ ಒಂದು ವಾರ ಶಾಲೆಗೆ ಕಳಿಸಿದರು. ಬರುವಾಗ ಮಕ್ಕಳ ತಪ್ಪುಗಳನ್ನು ತನ್ನಿ, ಸರಿ ಉತ್ತರ ಬೇಡವೇ ಬೇಡ ಎಂಬುದು ಮೇಡಂ ಅವರ ಕಟ್ಟಪ್ಪಣೆ. ನಾನು ಅದೇ ಲೆಕ್ಕ ಕೊಟ್ಟೆ: ಐದು ಎಕ್ಸ್, ಸಮ ಇಪ್ಪತ್ತು. ನೋಟುಬುಕ್ಕು ತೆರೆದೆ. ಹದಿನೈದು. ಇನ್ನೊಂದು. ಹದಿನೈದು. ಮತ್ತೊಂದು... ಮುಕ್ಕಾಲು ಕ್ಲಾಸು ಹದಿನೈದು ಬರೆದಿತ್ತು ಅಪ್ಪಾ! ಇಷ್ಟು ಮಕ್ಕಳ ತಲೆಯೂ ಗಣಿತ ಹತ್ತದ ತಲೆಯೇ? ಅಥವಾ ಕಲಿಸಿದ ಮಾತೇ ಅಡ್ಡದಾರಿಯೇ? ಅಂದು ಹಲಗೇರಿಯಲ್ಲಿ ಬೋರ್ಡಿನ ಮುಂದೆ ನಿಂತ ಹುಡುಗಿ ತಪ್ಪಿರಲಿಲ್ಲ. ಅವಳು ನಿನ್ನನ್ನು ನಂಬಿದ್ದಳು.

ಮರುದಿನ ತಕ್ಕಡಿ ಹುಡುಕಲು ಹೋಗಲಿಲ್ಲ. ಆ ಮಕ್ಕಳ ತಾಯಂದಿರಲ್ಲಿ ಹಲವರು ಮೆಣಸಿನಕಾಯಿ ತೊಟ್ಟು ಬಿಡಿಸಲು ಹೋಗುವವರು. "ಐದು ಮಂದಿ ಕೂಡಿ ಇಪ್ಪತ್ತು ಕಿಲೋ ಮೆಣಸಿನಕಾಯಿ ತೊಟ್ಟು ಬಿಡಿಸಿದ್ರು. ಎಲ್ಲಾರೂ ಸಮಾ ಸಮಾ. ಒಬ್ಬಾಕಿ ಎಷ್ಟು ಬಿಡಿಸಿದ್ಲು?" ಎಂದೆ. "ನಾಕ್ ಕಿಲೋ ರೀ!" ಎಂದು ಒಂದೇ ಕೂಗು. "ಮತ್ತ ಹದಿನೈದು ಅಂತ ಬರ್ದೀರಿ?" ಮುಂದಿನ ಸಾಲಿನ ರೇಣುಕಾ ತನ್ನ ನೋಟುಬುಕ್ಕು ನೋಡಿಕೊಂಡು ಬಾಯಿ ಮೇಲೆ ಕೈಯಿಟ್ಟಳು. "ಅಯ್ಯ ಟೀಚರ್, ಒಬ್ಬಾಕಿನ ಹದಿನೈದು ಬಿಡಿಸಿದ್ರ ಉಳದಾಕಿಗೋಳು ಹರಟಿ ಹೊಡಕೋತ ಕುಂತಿದ್ರೇನ್ರಿ?" ಇಡೀ ಕ್ಲಾಸು ನಕ್ಕಿತು. ನಿನ್ನ ಕ್ಲಾಸೂ ನಕ್ಕಿತ್ತು. ಆದರೆ ಇಲ್ಲಿ ರೇಣುಕಾಳೂ ನಗುತ್ತಿದ್ದಳು.

ಆ ಸಂಜೆ ರಾಣೆಬೆನ್ನೂರಿಗೆ ಬಂದವಳು ಹಾರ ಹಾಕಿದ ನಿನ್ನ ಫೋಟೋದ ಮುಂದೆ ನಿಂತು ಜೋರಾಗಿಯೇ ಜಗಳ ತೆಗೆದೆ. ಅವ್ವ ಕೂಸನ್ನು ಹೆಗಲಿಗೆ ಹಾಕಿಕೊಂಡು ಬಂದಳು. "ಅವರಿಗರ ಯಾರ ಹೇಳಿಕೊಟ್ಟಿದ್ರವಾ? ಅವರು ಕಾಲೇಜಿನ್ಯಾಗ ಕಲ್ತದ್ದು ಗಿಡಾ, ಬಳ್ಳಿ, ಕಪ್ಪಿ. ಗಣಿತದ ಮಾಸ್ತರ ಇಲ್ಲಂತ ಪುಸ್ತಕ ಇವರ ಕೈಯಾಗ ಕೊಟ್ರು. ಬಾಯಿಪಾಠ ಮಾಡ್ಕೊಂಡು ಹೋಗಿ ಒಪ್ಪಸತಿದ್ರು. ಯಾರರ ಯಾಕ್ರೀ ಸರ್ ಅಂದ್ರ, ಅವತ್ತು ಮನಿಗೆ ಬಂದು ಸರಿಯಾಗಿ ಉಣ್ಣತಿರಲಿಲ್ಲ."

ನಿನ್ನದು ಬಿ.ಎಸ್ಸಿ. ಎಂದು ಗೊತ್ತಿತ್ತು. ಯಾವುದರಲ್ಲಿ ಎಂದು ನಾನು ಒಮ್ಮೆಯೂ ಕೇಳಿರಲಿಲ್ಲ. ಅಂದು ನೀನು ರೊಟ್ಟಿ ಮುರಿದು ಮುರಿದು ತಾಟಿನಲ್ಲೇ ಬಿಟ್ಟಿದ್ದು ಆಗ ನೆನಪಾಯಿತು. ನಿನ್ನನ್ನು ಯಾರೂ ಹತ್ತು ದಿನ ಕೂಡಿಸಿ, ಗೊತ್ತಿಲ್ಲದಿದ್ದರೆ ಹೆದರಬೇಡಿ ಎಂದು ಹೇಳಲಿಲ್ಲ. ಅದಕ್ಕೆ ನನಗೆ ಸಿಟ್ಟಿದೆ, ನಿನ್ನ ಪರವಾಗಿ. ಆದರೂ ಅಪ್ಪಾ, ಪೂರ್ತಿ ಮಾಫಿ ಇಲ್ಲ. 'ನನಗೂ ಗೊತ್ತಿಲ್ಲ' ಎಂದು ಒಂದು ಮಾತು ಹೇಳಿದ್ದರೆ ಏನು ಕಡಿಮೆಯಾಗುತ್ತಿತ್ತು? ನಾನು ಹೇಳುತ್ತೇನೆ. ವಾರಕ್ಕೆರಡು ಸಲವಾದರೂ ಹೇಳುತ್ತೇನೆ. "ಗೊತ್ತಿಲ್ಲ, ನೋಡ್ಕೊಂಡು ಬಂದು ನಾಳೆ ಹೇಳ್ತೇನಿ." ಮಕ್ಕಳು ಮರುದಿನ ಬಿಡದೆ ಕೇಳುತ್ತಾರೆ.

ತರಬೇತಿಯ ಕೊನೆಯ ದಿನ ಒಬ್ಬೊಬ್ಬರೂ ತಂದ ತಪ್ಪನ್ನು ಬೋರ್ಡಿನ ಮೇಲೆ ಬರೆಯಬೇಕಿತ್ತು. ನಾನು ಹದಿನೈದು ಎಂದು ಬರೆದು, "ಇದು ಹಲಗೇರಿಯ ಒಬ್ಬ ಹುಡುಗಿಯದು, ಜಾಣ ಹುಡುಗಿ" ಎಂದೆ. ಯಾರೂ ನಗಲಿಲ್ಲ.

ನಿನಗೆ ಗೊತ್ತಿಲ್ಲದ ಸುದ್ದಿ ಇದು: ಆ ಅರ್ಜಿಯನ್ನು ಹರಿದು ಹಾಕಿದೆ, ಇನ್ನೊಂದು ಬರೆದುಕೊಟ್ಟೆ. ಎಂಟನೇ ಕ್ಲಾಸು ಬಿಡುವುದಿಲ್ಲ, ಒಂಬತ್ತನೆಯದನ್ನೂ ನನಗೇ ಕೊಡಿ ಎಂದು. ಕೊಟ್ಟಿದ್ದಾರೆ. ನಾಳೆ ಮೊದಲನೇ ಪಿರಿಯಡ್.

ಬಾ ಅಪ್ಪಾ. ಹಿಂದಿನ ಬೆಂಚಿನಲ್ಲಿ ಕೂತುಕೋ. ತಿಳಿಯದಿದ್ದರೆ ಕೈ ಎತ್ತಿ ಯಾಕೆ ಎಂದು ಕೇಳು. ನನ್ನ ಕ್ಲಾಸಿನಲ್ಲಿ ಅದಕ್ಕೆ ಯಾರೂ ಬೈಸಿಕೊಳ್ಳುವುದಿಲ್ಲ.

ನಿನ್ನ ಮಗಳು