ಎರಡೇ ಸ್ಕ್ರೂ ಮೇಲೆ ನಿಂತ ಕಪಾಟು

ಅಪ್ಪಾ,

ಸಿಟ್ಟಿನಲ್ಲೇ ಬರೆಯುತ್ತಿದ್ದೇನೆ, ಕ್ಷೇಮ ಸಮಾಚಾರ ಆಮೇಲೆ ನೋಡೋಣ. ಸಿಂಧನೂರಿನ ನಮ್ಮ ಮನೆಯ ಗೋಡೆಗೆ ನೀನು ಹಾಕಿ ಹೋದ ಆ ಸಾಗವಾನಿ ಕಪಾಟು ಐದು ತಿಂಗಳು ಎರಡೇ ಸ್ಕ್ರೂ ಮೇಲೆ ನಿಂತಿತ್ತು. ಎಡಕ್ಕೆ ಎರಡು, ಬಲಕ್ಕೆ ಒಂದೂ ಇಲ್ಲ. ಕೆಲಸ ಅರ್ಧಕ್ಕೆ ಬಿಟ್ಟು ಏಳುವ ಬಡಿಗರನ್ನು ಮಸ್ಕಿಯ ನಿನ್ನ ಅಂಗಡಿಯಲ್ಲಿ ಕೂತು ಎಷ್ಟು ಸಲ ಬೈದಿಲ್ಲ ನೀನು? ಸ್ವಂತ ಮಗಳ ಮನೆಯಲ್ಲಿ ಮಾಡಿದ್ದೇನು?

ಆ ಸೋಮವಾರ ನೆನಪಿದೆ ತಾನೆ? ಲಿಂಗಸುಗೂರಿನಲ್ಲಿ ಕೆಡವಿದ ವಾಡೆಯೊಂದರ ಬಾಗಿಲು ತಂದು ಮಾಡಿದ ಕಪಾಟು. ಟಂಟಂ ಆಟೋದಲ್ಲಿ ಹೇರಿ, ಗೀರು ಬೀಳಬಾರದೆಂದು ನಿನ್ನದೇ ಧೋತರ ಸುತ್ತಿಕೊಂಡು ಬಂದಿದ್ದೆ. ಬಂದವನು ನೀರು ಕೂಡ ಕುಡಿಯದೆ ಬೆರಳಿನಿಂದ ಗೋಡೆಯ ಗಾರೆ ಬಡಿಯುತ್ತ ಹೋದೆ. "ಇಲ್ಲಿ ಗಿಲಾಯಿ ಪೊಳ್ಳ ಐತಿ. ಇಟ್ಟಂಗಿ ಸಿಗೂ ಮಟ ಹೋಗಬೇಕು." ನನ್ನ ಗಂಡ ವೀರೇಶ ಖುಷಿಯಿಂದ, "ಮಾವಾರ, ತೂತಿಗೆ ಹಾಕಾಕ ಪ್ಲಾಸ್ಟಿಕ್ ಗಿಟ್ಟಿ ತಂದೀನ್ರಿ" ಎಂದ. ನೀನು ಅದನ್ನು ಹಿಡಿದು ನೋಡಿ, "ಛಲೋ ಐತಿ. ಕ್ಯಾಲೆಂಡರ್ ಹಾಕಾಕ ಇಟ್ಕೋ" ಎಂದೆ. ಪಾಪ, ಅವನ ಮುಖ ನೋಡಬೇಕಿತ್ತು. ಆಮೇಲೆ ಜೇಬಿನಿಂದ ನಿನ್ನ ಬೇವಿನ ಗೂಟಗಳು ಹೊರಬಂದವು. ಒಂದು ಬೇಸಿಗೆ ಪೂರ್ತಿ ಒಣಗಿಸಿ, ದುಂಡನೆ ತೂತಿಗೆ ಬೇಕೆಂದೇ ನಾಲ್ಕು ಮೂಲೆ ಕೆತ್ತಿದ ಗೂಟಗಳು. ಮೂಲೆ ಇದ್ದರೇ ಕಚ್ಚುತ್ತದೆ ಎನ್ನುತ್ತಿದ್ದೆ.

ಎಡಗಡೆ ಎರಡು ತೂತು ಕೊರೆದು, ಗೂಟ ಬಡಿದು, ಸ್ಕ್ರೂ ಬಿಗಿದೆ. ನಾನು ನಿನಗೆ ಚಹಾ ಕೊಟ್ಟು ಬಾಗಿಲಲ್ಲಿ ನಿಂತಿದ್ದೆ. ನನ್ನ ಕಡೆ ಒಮ್ಮೆ ನೋಡಿದವನೇ ಡ್ರಿಲ್ ಕೆಳಗಿಟ್ಟೆ. ಬಲಗಡೆ ಪೆನ್ಸಿಲಿನಿಂದ ಎರಡು ಗುರುತು ಹಾಕಿ, ಕಪಾಟಿನ ಆ ತುದಿಗೆ ಒಂದು ಕಟ್ಟಿಗೆಯ ಆಸರೆ ಕೊಟ್ಟೆ. "ಯಾಕಪ್ಪಾ?" ಎಂದರೆ, "ಬಿಟ್ ಮೊಂಡ ಆಗೈತಿ. ಆಮ್ಯಾಲೆ ಬರ್ತೀನಿ ತಗೋ, ಅವಸರ ಏನೈತಿ?" ಎಂದು ಡ್ರಿಲ್ ಇಲ್ಲೇ ಬಿಟ್ಟು ಬಸ್ಸು ಹಿಡಿದೆ. ಅದೇ ಬಿಟ್ಟಿನಲ್ಲಿ ವೀರೇಶ ಪಕ್ಕದ ಮನೆಯ ಗೋಡೆ ಕೊರೆದುಕೊಟ್ಟ, ಗೊತ್ತಾ? ಬೆಣ್ಣೆಯಲ್ಲಿ ಇಳಿದ ಹಾಗೆ ಇಳಿಯಿತು. ಹಾಗಾದರೆ ನನಗೆ ಸುಳ್ಳು ಯಾಕೆ ಹೇಳಿದೆ ಎಂದು ಕೇಳೋಣವೆಂದರೆ ನೀನು ಶನಿವಾರವೇ...

ನಿನ್ನ ದಿನಕರ್ಮ ಮುಗಿಸಿ ಅವ್ವನನ್ನು ನಮ್ಮಲ್ಲಿಗೆ ಕರೆತಂದ ದಿನ ನಾನು ಬಸುರಿ ಎಂದು ಹೇಳಿದೆ. ಅವಳು ಅತ್ತಳು, ನಕ್ಕಳು, ಕಣ್ಣೊರೆಸಿಕೊಂಡು ಮೊದಲು ಮಾಡಿದ ಕೆಲಸ ಡ್ರಿಲ್ ಮಷಿನನ್ನು ಅಟ್ಟಕ್ಕೆ ಹಾಕಿದ್ದು. "ಬಸುರಿ ಇರೋ ಮನ್ಯಾಗ ಗ್ವಾಡಿಗೆ ಮೊಳಿ ಹೊಡಿಬಾರ್ದು. ಒಂದಕ್ಕ ಎರಡಾದ್ರ ಯಾರು ಹೊಣಿ?" ಸರಿ, ಹಾಗಾದರೆ ಕಪಾಟು ಇಳಿಸಿಬಿಡೋಣ ಎಂದರೆ, "ಅವ್ರು ಕೈಯಾರೆ ಹಾಕಿದ್ದು. ಮುಟ್ಟಿಗಿಟ್ಟೀರಿ ಮತ್ತ!" ಹಾಕುವ ಹಾಗಿಲ್ಲ, ತೆಗೆಯುವ ಹಾಗಿಲ್ಲ. ಇರುವುದೊಂದೇ ಕೋಣೆ. ಬಾಣಂತನಕ್ಕೆ ಹೊರಸು ಹಾಕಬೇಕಾದದ್ದು ಸರಿಯಾಗಿ ಆ ಕಪಾಟಿನ ಕೆಳಗೇ. ನನ್ನ ಕೂಸು ಅದರ ಅಡಿ ಮಲಗಬೇಕೇ? ವೀರೇಶನನ್ನು ಕೇಳಿದರೆ "ಅತ್ತಿಯಾರು ಹೆಂಗಂತಾರ ಹಂಗ" ಎಂದು ಬೈಕ್ ಹತ್ತುತ್ತಾನೆ. ತಲೆ ಚಚ್ಚಿಕೊಳ್ಳೋಣವೆಂದರೆ ಗೋಡೆಯನ್ನೂ ನಂಬುವ ಹಾಗಿರಲಿಲ್ಲ.

ಯಾಕೆಂದರೆ ಈ ಗೊರೇಬಾಳದ ದಾರಿಯ ಪ್ಲಾಟುಗಳು ಮೊನ್ನೆಮೊನ್ನೆಯವರೆಗೆ ಭತ್ತದ ಗದ್ದೆಗಳು. ಕಾಲುವೆಗೆ ನೀರು ಬಿಟ್ಟರೆ ಎರೆಮಣ್ಣು ಉಬ್ಬುತ್ತದೆ, ನಿಲ್ಲಿಸಿದರೆ ಬಾಯಿ ಬಿಡುತ್ತದೆ. ನೀನು ಹೋದ ಮೇಲೆ ಮೂಲೆಯಿಂದ ಒಂದು ಬಿರುಕು ಶುರುವಾಯಿತು. ದಿನಾ ಶಾಲೆಯಿಂದ ಬಂದವಳೇ ಅದನ್ನು ನೋಡುತ್ತಿದ್ದೆ. ಅವ್ವನಿಗೆ ತೋರಿಸಿದರೆ, "ಗ್ವಾಡಿ ಅಂದ ಮ್ಯಾಲೆ ಬಿರಿತೈತಿ" ಎಂದು ಕಪಾಟಿನಲ್ಲಿ ಇನ್ನೆರಡು ಹಿತ್ತಾಳೆ ತಂಬಿಗೆ ಇಟ್ಟಳು.

ಅಪ್ಪಾ, ನಾನು ಇಷ್ಟು ಕೂಗಾಡಿದ್ದು ಬರೀ ಕಪಾಟಿಗಲ್ಲ. ನಾನು ಬಸುರಿ ಎಂದು ಆ ಸೋಮವಾರ ನನಗೆ ಗೊತ್ತಿತ್ತು. ನಾಲ್ಕು ದಿನದ ಹಿಂದೆಯೇ ಗೊತ್ತಾಗಿತ್ತು. ಹೇಳಿದರೆ ನೀನು ಡ್ರಿಲ್ ಮುಟ್ಟುವುದಿಲ್ಲ, ಕಪಾಟು ಒಂದು ವರ್ಷ ನೆಲದ ಮೇಲೇ ಬಿದ್ದಿರುತ್ತದೆ ಎಂದು ಬಾಯಿ ಮುಚ್ಚಿಕೊಂಡಿದ್ದೆ. ಕೆಲಸ ಮುಗಿಯಲಿ, ಆಮೇಲೆ ಹೇಳೋಣ ಅಂದುಕೊಂಡೆ. ಶನಿವಾರ ನೀನು ಹೋದೆ. ಮಕ್ಕಳಿಗೆ ವಿಜ್ಞಾನ ಕಲಿಸುವವಳು ನಾನು, ಇಂಥದ್ದನ್ನೆಲ್ಲ ನಂಬುವವಳಲ್ಲ. ಆದರೂ ಅವ್ವ "ಒಂದಕ್ಕ ಎರಡಾದ್ರ" ಎಂದಾಗಲೆಲ್ಲ ಆ ಸೋಮವಾರದಿಂದ ಶನಿವಾರದವರೆಗೆ ಬೆರಳು ಮಡಚಿ ದಿನ ಎಣಿಸುತ್ತಿದ್ದೆ.

ನಿನ್ನೆ ಬೆಳಿಗ್ಗೆ ಕಸ ಹೊಡೆಯುವಾಗ ಅವ್ವನ ಪೊರಕೆ ಆಸರೆಗೆ ತಾಗಿತು. ಕಟ್ಟಿಗೆ ಜಾರಿ ಕಪಾಟು ಬಲಕ್ಕೆ ವಾಲಿತು, ತಂಬಿಗೆಗಳು ದಡದಡ ಉರುಳಿದವು. ಅವ್ವ ಹೆಗಲು ಕೊಟ್ಟು ನಿಂತಳು. ನಾನು ಏಳು ತಿಂಗಳ ಹೊಟ್ಟೆ ಹೊತ್ತು ಓಡಿ ಎರಡೂ ಕೈಯಿಂದ ಒತ್ತಿ ಹಿಡಿದೆ. "ನೀ ದೂರ ಸರಿ!" ಎಂದು ಅವಳು, "ನೀ ಸರಿಬೇ!" ಎಂದು ನಾನು. ವೀರೇಶ ಸ್ನಾನಕ್ಕೆ ಹೋಗಿದ್ದ. ಆಗ ನನಗೆ ತಡೆಯಲಾಗಲಿಲ್ಲ.

"ಯವ್ವಾ, ಅವತ್ತ ನನಗ ಗೊತ್ತಿತ್ತು! ಬಸುರಿ ಅದೀನಿ ಅಂತ ಗೊತ್ತಿದ್ದೂ ಅಪ್ಪನ ಕೈಲೆ ಗ್ವಾಡಿ ಕೊರಿಸೀನಿ!"

"ಅವ್ರಿಗೂ ಗೊತ್ತಿತ್ತು. ಮೊದಲ ಕಪಾಟ ಗಟ್ಟಿ ಹಿಡಿ."

ಹಿಡಿದೇ ಇದ್ದೆ. "ಅಪ್ಪಗ ಹೆಂಗ ಗೊತ್ತಾತು?" ಎಂದೆ.

"ಚಾ ಅವ್ರಿಗೆ ಕೊಟ್ಟು ನೀ ಬಾಗಲದಾಗ ನಿಂತು ಹುಣಸಿಕಾಯಿ ಕಡ್ಯಾಕತ್ತಿದ್ದೆಂತ. ನೋಡಿದ ಕೂಡ್ಲೇ ಡ್ರಿಲ್ ಇಟ್ಟು ಬಂದಾರ. ಮನಿಗೆ ಬಂದು, 'ಎರಡಕ್ಕ ಕೈ ಬಿಟ್ಟೀನಿ, ಉಳಿದದ್ದು ಕೂಸು ಹುಟ್ಟಿದ ಮ್ಯಾಲೆ. ಅಕಿನೇ ಹೇಳ್ಲಿ, ನೀ ಬಾಯಿ ಬಿಡಬ್ಯಾಡ' ಅಂದ್ರು. ನಾ ಬಿಡಲಿಲ್ಲ."

"ಹಂಗಾರ ಅಪ್ಪ ಹೋಗಿದ್ದು..."

"ಹುಚ್ಚಿ! ಅವ್ರ ಎದಿಬ್ಯಾನಿ ಮೂರು ವರ್ಷದ್ದು. ಗುಳಿಗಿ ತಗೋರಿ ಅಂದ್ರ ಒಂದು ದಿನ ಕೇಳ್ಯಾರೇನು?"

ಮೈ ಒರೆಸಿಕೊಳ್ಳದೆ ಓಡಿಬಂದ ವೀರೇಶ ಕಪಾಟಿಗೆ ಹೆಗಲು ಕೊಟ್ಟು ಸ್ಕ್ರೂ ಬಿಚ್ಚಿದ. ಮೂವರೂ ಸೇರಿ ಅದನ್ನು ನೆಲಕ್ಕಿಳಿಸಿದೆವು. ನಿನ್ನ ಗೂಟಗಳು ಮಾತ್ರ ಅಲುಗಲಿಲ್ಲ. ಅವ್ವ ಅವುಗಳ ಮೇಲೆ ಬೆರಳಾಡಿಸಿ, "ಅವ್ರದು ಅಲ್ಲೇ ಅದಾವಲ್ಲ, ಸಾಕು" ಎಂದು ಪೊರಕೆ ಹಿಡಿದಳು. ನಾನು ಕೂತು ಅತ್ತೆ, ಸಿಟ್ಟಿಗೇ ಅತ್ತೆ. ಗೊತ್ತಿದ್ದೂ ಒಂದು ಮಾತು ಆಡದೆ ಬಸ್ಸು ಹತ್ತಿದೆಯಲ್ಲ, ಏನು ಮನುಷ್ಯನೋ ನೀನು! ನಾನೂ ನಿನ್ನ ಮಗಳೇ ಅನ್ನು.

ಅಜ್ಜನಾಗುವ ಸುದ್ದಿ ಹೇಳಲೆಂದು ಐದು ತಿಂಗಳಿಂದ ಈ ಪತ್ರ ಬರೆಯಬೇಕೆಂದಿದ್ದೆ. ಅದು ನಿನಗೆ ಗೊತ್ತೇ ಇತ್ತಂತೆ. ಗೊತ್ತಿಲ್ಲದ್ದು ಒಂದೇ ಉಳಿದಿದೆ, ಅದನ್ನು ಹೇಳುತ್ತೇನೆ: ಬಿರುಕು ಸರಿಯಾಗಿ ನಿನ್ನ ಪೆನ್ಸಿಲ್ ಗುರುತಿನ ಮೇಲೇ ಹಾದು ಹೋಗಿದೆ. ಕೂಸನ್ನು ತೊಟ್ಟಿಲಿಗೆ ಹಾಕಿದ ಮೇಲೆ ಡ್ರಿಲ್ ನಾನೇ ಹಿಡಿಯುತ್ತೇನೆ. ಎಡಗಡೆ ನಿನ್ನ ಗೂಟಕ್ಕೇ ಬಿಗಿಯುತ್ತೇನೆ. ಬಲಗಡೆ ನೀನು ಹೇಳಿದಲ್ಲಿ ಹೊಡೆಯುವುದಿಲ್ಲ ಅಪ್ಪಾ, ಒಂದು ಗೇಣು ಈಚೆಗೆ ಹೊಡೆಯುತ್ತೇನೆ. ಬೈಯಬೇಡ.

ನಿನ್ನ ಗಿರಿಜಾ