ಬಂಡೆಯ ಬುಡದ ಹಳದಿ ಚುಕ್ಕೆ

ಭಾನುವಾರ, ಸಂಜೆ

ನೆರೆದಿರುವ ಸಮಸ್ತ ಮಹಾಜನರೇ! ತಾಯಂದಿರೇ! ಮುಂದಿನ ಸಾಲಿನ ಮಹನೀಯರೇ!

ಬೆಚ್ಚಬೇಡ ನನ್ನವಳೇ, ಮನೆಗೆ ಯಾರೂ ಬಂದಿಲ್ಲ. ಸಭೆಯೆಂದರೆ ಎರಡು ಕುರ್ಚಿ, ಮೂರು ಕಾಲಿನ ಟ್ರೈಪಾಡ್, ಬಾಗಿಲ ಹಿಂದೆ ನೇತಾಡುವ ನಿನ್ನ ಕೊಡೆ. ನೀನು ನಿಮ್ಮಕ್ಕನ ಮನೆಗೆ ಹೋಗಿ ಇವತ್ತಿಗೆ ಹತ್ತೊಂಬತ್ತು ದಿನ. ಈ ಗಂಟಲಿಗೆ ಕೇಳುವ ಜನ ಬೇಡವೇ?

ನಡೆದದ್ದನ್ನು ಒಪ್ಪಿಕೊಂಡುಬಿಡುತ್ತೇನೆ. ಆವತ್ತು ಕಣಿವೆಯ ಈಚೆ ದಂಡೆಯಲ್ಲಿ, ನೀನು ‘ತೋಪು’ ಎಂದು ಹಾಸ್ಯ ಮಾಡುವ ಉದ್ದ ಲೆನ್ಸ್ ಹೂಡಿಕೊಂಡು ಬೆಳಕಿಗಾಗಿ ಮೂರು ಗಂಟೆ ಕಾದಿದ್ದೆ. ಆಚೆ ದಂಡೆಯಲ್ಲಿ ಆ ಮಹಾಬಂಡೆ. ಮೋಡ ಹರಿದು ಬಿಸಿಲು ಬಿದ್ದ ಗಳಿಗೆಗೆ ಸರಿಯಾಗಿ ಅದರ ಬುಡದಲ್ಲಿ ಹಳದಿ ಸ್ವೆಟರ್ ಪ್ರತ್ಯಕ್ಷ! ಬಂಡೆಯನ್ನು ಮುಟ್ಟಿ ನೋಡುವ ಆಸೆಗೆ ನೀನು ಕಣಿವೆ ಇಳಿದು ಹತ್ತಿ ಹೋಗಿದ್ದೆ. ಹದಿನಾರು ವರ್ಷ ಮೈಕಿಲ್ಲದೆ ನಾಟಕವಾಡಿದ ಗಂಟಲು, ಸುಮ್ಮನಿದ್ದೀತೇ? “ಚಿತ್ರದಿಂದ ಆಚೆ ಹೋಗು!” ಎಂದು ಅಬ್ಬರಿಸಿದೆ. ಕಣಿವೆ ಮಾತಿನ ಬಾಲವನ್ನಷ್ಟೇ ಹಿಡಿದುಕೊಂಡು, “ಹೋಗು... ಹೋಗು... ಹೋಗು...” ಎಂದಿತು.

ವಾಪಸ್ ಬರುವ ಬಸ್ಸಿನಲ್ಲಿ ನೀನಂದದ್ದು ಒಂದೇ ಮಾತು: “ನೀವೊಬ್ರೇ ಹೇಳಿದ್ರೆ ತಡ್ಕೋತಿದ್ದೆ ರೀ. ಬೆಟ್ಟಾನೂ ಮೂರು ಸಲ ಹೇಳ್ತು.”

ನಿನ್ನೆ ಬೆಳಿಗ್ಗೆ ಒಬ್ಬನೇ ಅಲ್ಲಿಗೆ ಹೋದೆ. ಛಾಯಾಚಿತ್ರ ಪ್ರದರ್ಶನದ ದೊಡ್ಡ ಗೋಡೆಗೆ ನನ್ನದೊಂದು ಚಿತ್ರ ಬೇಕಂತೆ. ನರಪಿಳ್ಳೆಯೂ ಇಲ್ಲದ ಬರೀ ಬಂಡೆಯೇ ಆಗಬೇಕೆಂದು ನನ್ನ ಹಟ. ಏನೆಂದು ವರ್ಣಿಸಲಿ! ಕಣಿವೆಯ ತುಂಬ ಮಂಜು, ಉಕ್ಕಿ ನಿಂತ ಹಾಲಿನ ಹಾಗೆ. ಬುಡದ ಮರಗಳೆಲ್ಲ ಅದರೊಳಗೆ ಮಾಯ. ಬಂಡೆಯ ನೆತ್ತಿಯ ಮೇಲೆ ಒಂದು ಕೆಂಪು ಗೆರೆ ಮೂಡಿತು. ಇಳಿಯಿತು, ಇಳಿಯಿತು, ಬೂದುಗಲ್ಲು ತಾಮ್ರವಾಯಿತು, ತಾಮ್ರ ಕೆಂಡವಾಯಿತು. ಇಷ್ಟು ವರ್ಷದಲ್ಲಿ ಯಾವ ರಂಗದ ಪರದೆಯೂ ಹಾಗೆ ಎದ್ದದ್ದನ್ನು ನಾನು ಕಂಡಿಲ್ಲ. ನಿನ್ನ ವೈಡ್ ಲೆನ್ಸ್ ಹಾಕಿದೆ: ಆಕಾಶವೆಲ್ಲ ಬಂತು, ಬಂಡೆ ಕಡಲೆಕಾಳಾಯಿತು. ತೋಪು ಹೂಡಿದೆ: ಅಂಚಿನಿಂದ ಅಂಚಿಗೆ ಬಂಡೆಯೇ ಬಂಡೆ! “ನೋಡೇ ಇಲ್ಲಿ!” ಎಂದು ತಿರುಗಿದೆ. ಥರ್ಮಾಸ್ ಇತ್ತು. ನೀನಿರಲಿಲ್ಲ.

ಇವತ್ತು ಮಧ್ಯಾಹ್ನ ಪ್ರದರ್ಶನ ನಡೆಸುವ ಅಮ್ಮನ ಮೇಜಿನ ಮೇಲೆ ಆ ಚಿತ್ರ ಹಾಸಿದೆ. ಅವರು ಕನ್ನಡಕ ಏರಿಸಿ, “ಚೆನ್ನಾಗಿದೆ ಸಾರ್. ಈ ಕಲ್ಲು ಎಷ್ಟೆತ್ತರ, ಮೊಣಕಾಲುದ್ದ ಇರತ್ತಾ?” ಎಂದರು.

“ಮೊಣಕಾಲೇ! ನಲವತ್ತು ಅಂತಸ್ತು ತಾಯಿ!” ಎಂದು ಗುಡುಗಿದೆ. ಪಕ್ಕದ ಕೋಣೆಯಲ್ಲಿ ಯಾರೋ ಲೋಟ ಬೀಳಿಸಿದರು.

“ಇರಬಹುದು ಸಾರ್. ಆದ್ರೆ ಚಿತ್ರ ಅದನ್ನ ಹೇಳ್ತಿಲ್ವಲ್ಲ. ಬಂದೋರಿಗೆಲ್ಲ ನೀವೇ ಪಕ್ಕದಲ್ಲಿ ನಿಂತು ಕೂಗಿ ಹೇಳ್ತೀರಾ? ಬುಡದಲ್ಲಿ ಯಾರಾದ್ರೂ ನಿಂತಿದ್ರೆ ಅಳತೆ ಸಿಗ್ತಿತ್ತು.”

ಚಿತ್ರ ಸುತ್ತಿಕೊಂಡು ಮನೆಗೆ ಬಂದೆ.

ಸಿಟ್ಟು ಒಂದು ಹಿಡಿಯಷ್ಟಾದರೂ ಇಳಿದಿದ್ದರೆ ಮತ್ತೆ ಅಲ್ಲಿಗೆ ಹೋಗೋಣ. ಕ್ಯಾಮೆರಾ ನಿನ್ನ ಕೈಯಲ್ಲಿ, ಬಂಡೆಯ ಬುಡದಲ್ಲಿ ನಾನು. “ಆಚೆ ಹೋಗಿ!” ಅಂತ ಹೊಟ್ಟೆ ತುಂಬ ಕೂಗು. ಬೆಟ್ಟ ನಿನ್ನ ಪಕ್ಷ ವಹಿಸಿ ಮೂರು ಸಲ ಹೇಳಲಿ, ತಲೆತಗ್ಗಿಸಿ ಕೇಳಿಸಿಕೊಳ್ಳುತ್ತೇನೆ.

ಇಂತಿ,
ನೀನೇ ಹೆಸರಿಟ್ಟ
ಮೈಕ್‌ಸೆಟ್ಟು

ತಾ.ಕ.: ಆವತ್ತಿನ ಚಿತ್ರ ಅಳಿಸಿಹಾಕಿದೆ ಎಂದು ಬಸ್ಸಿನಲ್ಲಿ ನಿನ್ನೆದುರು ಹಾರಾಡಿದೆನಲ್ಲ, ಅದು ಸುಳ್ಳು. ಕೂಗುವ ಮೊದಲೇ ಬೆರಳು ಒತ್ತಿಯಾಗಿತ್ತು. ಇಷ್ಟು ದಿನ ತೆರೆಯುವ ಧೈರ್ಯವಿರಲಿಲ್ಲ, ಇವತ್ತು ತೆರೆದೆ. ಜೋಳದ ಕಾಳಿನಷ್ಟು ಹಳದಿ ಚುಕ್ಕೆ ನೀನು. ಕೈಯೆತ್ತಿ ಬಂಡೆಯನ್ನು ಮುಟ್ಟಿದ್ದೀಯ. ನಿನ್ನ ತಲೆಯ ಮೇಲಿಂದ ಅದು ಏಳುತ್ತದೆ, ಏಳುತ್ತದೆ, ಮುಗಿಯುವುದೇ ಇಲ್ಲ. ನನ್ನ ಬಾಯಿ ತೆರೆಯಿತು, ದನಿ ಬರಲಿಲ್ಲ. ಆ ಅಮ್ಮನಿಗೆ ಇನ್ನೂ ತೋರಿಸಿಲ್ಲ. ನೀನು ಹೂಂ ಅನ್ನದೆ ಅದು ಗೋಡೆ ಏರುವುದಿಲ್ಲ. ನಾಳೆ ಬೆಳಿಗ್ಗೆ ಮೊದಲ ಬಸ್ಸಿಗೆ ಬಂದು, ಈ ಪತ್ರವನ್ನೂ ಆ ಚಿತ್ರವನ್ನೂ ನಿಮ್ಮಕ್ಕನ ಮನೆಯ ಬಾಗಿಲಡಿ ತೂರಿಸಿ, ಎದುರಿನ ಮೆಟ್ಟಿಲ ಮೇಲೆ ಬಾಯಿ ಮುಚ್ಚಿಕೊಂಡು ಕೂರುತ್ತೇನೆ.