ಕಟ್ಟಿದ ಕಿವಿ

ನವೆಂಬರ್ ೧೪, ಶುಕ್ರವಾರ. ಮೋಲ್‌ಬೋಲ್

ನೆಗಡಿ ಇನ್ನೂ ಇಳಿದಿಲ್ಲ. ಡೈವಿಂಗ್ ಕಲಿಸುವ ಮಗಳು ಗ್ರೆಚೆಲ್ ಊರಿಗೆ ಬಂದವರನ್ನೆಲ್ಲ ಸಮುದ್ರದಡಿಗೆ ಇಳಿಸಿದ್ದಾಳೆ, ನಾನೊಬ್ಬಳೇ ಉಳಿದಿದ್ದೇನೆ. ನಾಳೆ ನನ್ನ ಸರದಿ. ಭಾನುವಾರ ಅವಳು ಮಾಲ್ಡೀವ್ಸ್‌ಗೆ ಕೆಲಸಕ್ಕೆ ಹೊರಡುತ್ತಾಳೆ. ಅದಕ್ಕೇ ಮಾತ್ರೆ ನುಂಗಿ, ಏನೂ ಆಗದವಳಂತೆ ಊಟಕ್ಕೆ ಕೂತೆ. ಮೀನಿನ ತಿನೋಲಾ ಸಾರಿಗೆ ಉಪ್ಪೇ ಹಾಕಿಲ್ಲವೆಂದು ನನಗೆ ತಿಳಿಯಲಿಲ್ಲ, ಅವಳಿಗೆ ತಿಳಿಯಿತು.

"ಅಮ್ಮ, ಮೂಗು ಹಿಡ್ಕೊಂಡು ಮೆಲ್ಲಗೆ ಊದು."

ಊದಿದೆ. ಕಿವಿಯ ಕಟ್ಟು ಬಿಡಲಿಲ್ಲ.

"ಹೀಗೇ ಇಳಿದ್ರೆ ಕಿವಿ ತಮಟೆ ಹರಿದೋಗುತ್ತೆ. ನಾಳೆ ಬೇಡ."

"ಹೋದ್ರೆ ಹೋಗ್ಲಿ ಬಿಡೇ. ಈ ವಯಸ್ಸಲ್ಲಿ ಕಿವಿ ಇಟ್ಕೊಂಡು ಏನ್ ಮಾಡ್ಲಿ?"

"ಮತ್ತೆ ನಾನು ಫೋನ್ ಮಾಡಿದ್ರೆ ಯಾರು ಕೇಳಿಸ್ಕೊಳ್ತಾರೆ?" ಎಂದಳು.

ಅವಳು ಎದ್ದು ಶುಂಠಿ ಕಷಾಯಕ್ಕೆ ನೀರಿಟ್ಟಳು. ಬೆನ್ನು ನನ್ನ ಕಡೆಗಿತ್ತು, ಆದರೂ ಮೂಗು ಎಳೆದುಕೊಂಡದ್ದು ಕೇಳಿಸಿತು. ಅವಳಿಗೇನೂ ನೆಗಡಿ ಇಲ್ಲ.